ಕೆಲಸ ಮೊದಲು, ಕಲಿಕೆ ಅಲ್ಲೇ: ಕಾಫಿ ಕ್ಯೂರಿಂಗ್‌ನಲ್ಲಿ ಜಾಬ್ ಕೋಚ್ ಆಗಿ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಾನು ಜಾಬ್ ಕೋಚ್ ಆಗಿ ಕೆಲಸ ಮಾಡುತ್ತೇನೆ. ಬೌದ್ಧಿಕ ವಿಕಲತೆ, ಆಟಿಸಂ ಇರುವ ಯುವಕ ಯುವತಿಯರಿಗೆ ಎಲ್ಲರೂ ದುಡಿಯುವ ಜಾಗದಲ್ಲೇ ಸಂಬಳದ ಕೆಲಸ ಹುಡುಕುತ್ತೇನೆ. ಅವರ ಜೊತೆ ನಾನೂ ಅಲ್ಲಿಗೆ ಹೋಗಿ, ಪಕ್ಕದಲ್ಲಿದ್ದು ಕಲಿಸುತ್ತೇನೆ. ಆಮೇಲೆ ನಿಧಾನವಾಗಿ ಹಿಂದೆ ಸರಿಯುತ್ತೇನೆ. ಮನೆಯಲ್ಲಿ ಇಂಥ ಮಗನೋ ಮಗಳೋ ಇರುವವರು ಸಿಕ್ಕಾಗಲೆಲ್ಲ ‘ಅದು ಹೇಗೆ ಮಾಡ್ತೀರಿ, ಸ್ವಲ್ಪ ಬಿಡಿಸಿ ಹೇಳಿ’ ಅಂತಾರೆ. ಅದಕ್ಕೇ ಒಬ್ಬ ಹುಡುಗಿಯ ಕೆಲಸವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅವಳ ಹೆಸರು ಬೇಡ.

ನಮ್ಮ ಕಡೆ ಸಾಮಾನ್ಯವಾಗಿ ಮೊದಲು ತರಬೇತಿ, ಆಮೇಲೆ ಕೆಲಸ. ಮೇಣದಬತ್ತಿ, ಫಿನಾಯಿಲ್, ಪೇಪರ್ ಕವರ್ ಮಾಡುವುದನ್ನು ಕಲಿಸುತ್ತಾರೆ. ವರ್ಷಗಟ್ಟಲೆ ‘ಇನ್ನೂ ರೆಡಿ ಆಗಿಲ್ಲ’ ಅನ್ನುತ್ತಲೇ ಇರುತ್ತಾರೆ. ಆದರೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಈ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಶಾಂತವಾದ ಕೋಣೆಯಲ್ಲಿ ಕಲಿತ ಕೆಲಸ ಮಷೀನಿನ ಸದ್ದಿನ ನಡುವೆ ಕೈಗೆ ಬರುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಅನ್ನುವವರು, ‘ಇವರಿಗೆ ಏನೂ ಬರಲ್ಲ’ ಅಂತ ಎಲ್ಲರೂ ಕೈಬಿಟ್ಟವರಿಗೆ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆಯಬೇಕು, ಕಲಿಯಲಿಲ್ಲ ಅಂದರೆ ಕಲಿಸುವವರು ದಾರಿ ಬದಲಿಸಬೇಕು ಅನ್ನುವುದು ಅವರ ವಾದ. ಮುಂದೆ ಅಮೆರಿಕದಲ್ಲೇ, ಮೊದಲು ಕೆಲಸಕ್ಕೆ ಸೇರಿಸಿ, ಆ ಜಾಗದಲ್ಲೇ ಕಲಿಸುವ ಪದ್ಧತಿ ಬೆಳೆಯಿತು. ನಾನು ನಂಬಿರುವುದು ಈ ಪದ್ಧತಿಯನ್ನೇ.

ಹುಡುಗಿ ಆಲ್ದೂರು ಕಡೆಯವಳು. ವಯಸ್ಸು ಇಪ್ಪತ್ತು ದಾಟಿದೆ. ಓದಲು ಬರುವುದಿಲ್ಲ. ಹತ್ತರವರೆಗೆ ಎಣಿಸುತ್ತಾಳೆ, ಅದರಾಚೆ ಗೊಂದಲ. ಅವಳ ಬಗ್ಗೆ ನನಗೆ ಹೇಳಿದ್ದು ಆ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಅವರ ಮನೆಗೆ ಹೋದಾಗ ನಾನು ಅವಳಿಗೆ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಜಗಲಿಯಲ್ಲಿ ಕೂತು ಅವಳು ಏನು ಮಾಡುತ್ತಾಳೆ ನೋಡಿದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ಕಲ್ಲನ್ನೂ ಬಿಡುತ್ತಿರಲಿಲ್ಲ. ‘ಯಾವ ಕೆಲಸ ಇಷ್ಟ ನಿಂಗೆ?’ ಅಂತ ಅವಳನ್ನೇ ಕೇಳಿದೆ. ಅಮ್ಮ ಬಾಯಿ ತೆರೆಯುವ ಮೊದಲೇ ‘ಬಸ್ಸಲ್ಲಿ ಹೋಗೋ ಕೆಲಸ’ ಅಂದಳು. ಓರಗೆಯವರೆಲ್ಲ ಬೆಳಗ್ಗೆ ಬಸ್ ಹತ್ತಿ ಹೋಗುತ್ತಾರೆ, ಇವಳೊಬ್ಬಳೇ ಮನೆಯಲ್ಲಿ ಉಳಿಯುತ್ತಾಳೆ. ಅವಳಿಗೆ ಏನು ಬೇಕು ಅಂತ ಗೊತ್ತಾಗಲು ನನಗೆ ಇಷ್ಟು ಸಾಕಾಗಿತ್ತು.

ಆರಿಸುವ ಕೈ ಅಂದರೆ ನಮ್ಮೂರಲ್ಲಿ ಮೊದಲು ನೆನಪಾಗುವುದು ಕಾಫಿ ಕ್ಯೂರಿಂಗ್, ಅಂದರೆ ಒಣಗಿದ ಕಾಫಿಯನ್ನು ಮಾರಾಟಕ್ಕೆ ಹದ ಮಾಡುವ ಕೆಲಸ. ತೋಟದಿಂದ ಬಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ), ಚೆರ್ರಿ (ಹಣ್ಣಾಗಿಯೇ ಒಣಗಿಸಿದ್ದು) ಸಿಪ್ಪೆ ತೆಗೆಸಿಕೊಂಡು, ಜರಡಿಯಲ್ಲಿ ಗಾತ್ರದ ಪ್ರಕಾರ ಎಎ, ಎ, ಬಿ, ಸಿ ಅಂತ ಬೇರೆಯಾಗುತ್ತದೆ. ಒಂಟಿ ಬೀಜದ ಪಿಬಿ, ಅಂದರೆ ಪೀಬೆರಿ, ಬೇರೆಯೇ. ಆಮೇಲೆ ಗಾರ್ಬ್ಲಿಂಗ್. ಹೆಂಗಸರು ಸಾಲಾಗಿ ಕೂತು ಕಪ್ಪು, ಕಂದು, ತುಂಡು ಬೀಜಗಳನ್ನು ಕೈಯಲ್ಲಿ ಆರಿಸಿ ತೆಗೆಯುತ್ತಾರೆ. ಈಗ ಬಣ್ಣ ನೋಡಿ ಬೀಜ ಬೇರೆ ಮಾಡುವ ಕಲರ್ ಸಾರ್ಟರ್ ಮಷೀನು ಬಂದು ಈ ಕೆಲಸ ಕಮ್ಮಿಯಾಗುತ್ತಿದೆ. ಆದರೂ ಒಳ್ಳೆಯ ಲಾಟ್‌ಗಳಿಗೆ ಕೈಯ ಆರಿಕೆ ಬೇಕೇ ಬೇಕು.

ಮ್ಯಾನೇಜರ್ ಹತ್ತಿರ ‘ಪಾಪದ ಹುಡುಗಿ, ಏನಾದ್ರೂ ಕೊಡಿ ಸರ್’ ಅಂತ ನಾನು ಕೇಳುವುದಿಲ್ಲ. ‘ನಿಮ್ಮಲ್ಲಿ ಯಾವ ಕೆಲಸ ಹಿಂದೆ ಬೀಳ್ತಿದೆ?’ ಅಂತ ಕೇಳುತ್ತೇನೆ. ಕಾನೂನನ್ನೂ ತಿಳಿದುಕೊಂಡೇ ಹೋಗುತ್ತೇನೆ, ಆದರೆ ಅದನ್ನು ಹಿಡಿದು ಹೆದರಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಸರ್ಕಾರಿ ಕೆಲಸದಲ್ಲಿ ಕನಿಷ್ಠ 4% ಮೀಸಲಾತಿ ಇದೆ. ಖಾಸಗಿಯವರ ವಿಷಯಕ್ಕೆ ಬಂದರೆ ಕಡ್ಡಾಯ ಇಲ್ಲ. ಕೆಲಸಗಾರರಲ್ಲಿ 5% ಅಂಗವಿಕಲರು ಇರುವಂತೆ ಸರ್ಕಾರ ಮಾಲೀಕರಿಗೆ ಪ್ರೋತ್ಸಾಹ ಕೊಡಬೇಕು ಅಂತ ಇದೆ. ಹಾಗಾಗಿ ಮಾತು ವ್ಯವಹಾರದ್ದೇ ಆಗಬೇಕು. ನಾನು ಕೊಟ್ಟ ಭರವಸೆ ಇಷ್ಟು: ಕಲಿಯುವವರೆಗೆ ನಾನು ಜೊತೆಯಲ್ಲಿರುತ್ತೇನೆ, ಅವಳ ಕೈಯಿಂದ ಬಂದ ಬೀಜವನ್ನು ನಾನೇ ಮತ್ತೆ ನೋಡಿ ಮುಂದೆ ಕಳಿಸುತ್ತೇನೆ. ಕೇಳಿದ್ದೂ ಒಂದೇ: ಕೂಲಿ ಉಳಿದವರಿಗೆ ಎಷ್ಟೋ ಅಷ್ಟೇ. ಇದರಲ್ಲಿ ಚೌಕಾಶಿಗೆ ನಾನು ಒಪ್ಪುವುದಿಲ್ಲ. ಕಮ್ಮಿ ಕೂಲಿಗೆ ಸೇರಿದವರನ್ನು ಜೊತೆಯವರು ಕೊನೆಯವರೆಗೂ ಕಮ್ಮಿಯವರಂತೆಯೇ ನೋಡುತ್ತಾರೆ.

ಹುಡುಗಿಯನ್ನು ಕರೆತರುವ ಮೊದಲು ನಾನೇ ಆ ಸಾಲಿನಲ್ಲಿ ಕೂತು ಕೆಲಸ ಕಲಿತೆ. ದೂರದಿಂದ ನೋಡಿದರೆ ‘ಕೆಟ್ಟ ಬೀಜ ತೆಗೆಯೋದು’, ಅಷ್ಟೇ. ಕೂತು ಮಾಡಿದಾಗ ಒಳಗೆ ಎಷ್ಟು ಹೆಜ್ಜೆ ಇವೆ ಅಂತ ಗೊತ್ತಾಗುತ್ತದೆ. ಬೀಜವನ್ನು ಒಂದೇ ಪದರವಾಗಿ ಹರಡಬೇಕು. ಎಡದಿಂದ ಬಲಕ್ಕೆ ಕಣ್ಣು ಹಾಯಿಸಬೇಕು. ತೆಗೆದದ್ದನ್ನು ಬೇರೆ ಡಬ್ಬಿಗೆ ಹಾಕಬೇಕು. ನೋಡಿದ ಬೀಜವನ್ನು ಆಚೆ ಸರಿಸಿದ ಮೇಲೇ ಹೊಸದನ್ನು ಎಳೆದುಕೊಳ್ಳಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ನೋಡಿದ್ದೂ ನೋಡದ್ದೂ ಬೆರೆತುಹೋಗುತ್ತದೆ.

‘ಕೆಟ್ಟದ್ದು’ ಅನ್ನುವ ಮಾತು ಅವಳಿಗೆ ಏನನ್ನೂ ತೋರಿಸುವುದಿಲ್ಲ. ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ನಿಜವಾದ ಬೀಜಗಳನ್ನೇ ಅಂಟಿಸಿದೆ. ಮೊದಲು ಕಪ್ಪು ಬೀಜ ಮಾತ್ರ. ಹಸಿರು ಛಾಯೆಯ ಒಳ್ಳೆ ಬೀಜದ ನಡುವೆ ಕಪ್ಪು ಎದ್ದು ಕಾಣುತ್ತದೆ, ತಪ್ಪಲು ಅವಕಾಶವೇ ಇಲ್ಲ. ಅದು ಗಟ್ಟಿಯಾದ ಮೇಲೆ ಇನ್ನೊಂದು ಮುಚ್ಚಳ, ಅದರಲ್ಲಿ ತುಂಡು. ಆಮೇಲೆ ಹುಳು ತೂತು ಮಾಡಿದ್ದು. ಕಂದು ಎಲ್ಲಕ್ಕಿಂತ ಕೊನೆಗೆ. ಯಾವುದು ಕಂದು, ಯಾವುದು ಬರೀ ಮಂಕು ಅನ್ನುವುದರಲ್ಲಿ ಹಳಬರಿಗೂ ಜಗಳ ಬರುತ್ತದೆ. ಅನುಮಾನ ಬಂದ ಬೀಜ ಹಾಕಲು ಒಂದು ಸ್ಟೀಲ್ ಬಟ್ಟಲು ಇಟ್ಟೆ. ಪಕ್ಕದ ಅಕ್ಕ ಅದನ್ನು ಆಗಾಗ ನೋಡಿ ತೀರ್ಮಾನ ಹೇಳುತ್ತಿದ್ದರು. ಈ ಬಟ್ಟಲು ಇಟ್ಟ ಮೇಲೆ ಅವಳ ಗಾಬರಿ ಎಷ್ಟೋ ಕಮ್ಮಿಯಾಯಿತು.

ಕಲಿಸುವಾಗ ನಾನು ಬಾಯಿ ಆದಷ್ಟು ಮುಚ್ಚಿಕೊಂಡಿರುತ್ತೇನೆ. ಬೆರಳು ತೋರಿಸಿದರೆ ಆಯಿತು, ಮುಚ್ಚಳ ಸ್ವಲ್ಪ ಮುಂದೆ ಸರಿಸಿದರೆ ಆಯಿತು. ‘ಈಗ ಇದು ಮಾಡು, ಈಗ ಅದು ಮಾಡು’ ಅಂತ ಹೇಳುತ್ತಾ ಹೋದರೆ ಕೈ ಆ ಮಾತಿಗೆ ಕಾಯಲು ಶುರು ಮಾಡುತ್ತದೆ. ಎಲ್ಲ ಬಗೆಯ ನೆರವಿನಲ್ಲಿ ಬಿಡಿಸಲು ಜಾಸ್ತಿ ಕಷ್ಟ ಮಾತಿನ ನೆರವೇ. ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಹೆಜ್ಜೆಗೂ ಒಂದು ಗುರುತು: ತಾನೇ ಮಾಡಿದಳಾ, ಸನ್ನೆ ಬೇಕಾಯಿತಾ, ಮಾತು ಬೇಕಾಯಿತಾ, ಕೈ ಹಿಡಿಯಬೇಕಾಯಿತಾ. ‘ಚೆನ್ನಾಗಿ ಮಾಡ್ತಿದಾಳೆ’ ಅಂತ ಸುಮ್ನೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದ್ದಾಳೆ ಅನ್ನುವುದು ಕಾಣಬೇಕು.

ಇನ್ನು ನಿಜವಾಗಿ ಕಷ್ಟದ ಭಾಗ. ಇಂಥವರು ಕೆಲಸ ಕಳೆದುಕೊಳ್ಳುವುದು ಕೆಲಸ ಬಾರದ್ದಕ್ಕಿಂತ ಜಾಸ್ತಿ, ಟೀ ಹೊತ್ತಿನಲ್ಲಿ, ಬಸ್ಸಿನಲ್ಲಿ, ಬಟವಾಡೆ ದಿನ ಆಗುವ ಎಡವಟ್ಟುಗಳಿಂದ. ಟೀ ಬೆಲ್ ಆದಾಗ ಎಲ್ಲರೂ ಎದ್ದು ಹೋದರೆ ಇವಳು ಕೂತಲ್ಲೇ ಕೂತಿರುತ್ತಿದ್ದಳು. ನಾನು ಕರೆದುಕೊಂಡು ಹೋಗಬಹುದಿತ್ತು. ಬೇಕಂತಲೇ ಹೋಗಲಿಲ್ಲ. ಪಕ್ಕದ ಅಕ್ಕನಿಗೆ ‘ನೀವು ಏಳುವಾಗ ಅವಳ ಭುಜ ಮುಟ್ಟಿ, ಸಾಕು’ ಅಂದೆ. ಆಕೆ ಭುಜ ಮುಟ್ಟಿ ‘ಬಾರೇ ಪುಟ್ಟಿ, ಟೀ ಆರೋಗುತ್ತೆ’ ಅಂತ ಕರೆದುಕೊಂಡು ಹೋದರು. ಆಮೇಲೆ ಟೀ, ಊಟ, ಬಾತ್‌ರೂಮು ಎಲ್ಲಕ್ಕೂ ಅವರದೇ ಜೊತೆ. ನಾನು ಅಲ್ಲಿ ಯಾವಾಗಲೂ ಇರುವವಳಲ್ಲ, ಆ ಅಕ್ಕ ಇರುತ್ತಾರೆ. ಮೇಸ್ತ್ರಿ ನನ್ನನ್ನು ಕರೆದು ‘ಮೇಡಂ, ಅವಳಿಗೆ ಹೇಳಿ’ ಅಂದಾಗಲೂ ‘ನೀವೇ ಹೇಳಿ ಸರ್, ಅವಳಿಗೆ ಅರ್ಥ ಆಗುತ್ತೆ’ ಅನ್ನುತ್ತಿದ್ದೆ.

ಬಸ್ಸಿನ ಪಾಠ ಬೇರೆಯೇ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಆಯಿತು. ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು. ನಮ್ಮ ಮಲೆನಾಡಿನ ರೂಟುಗಳಲ್ಲಿ ಎರಡೂ ಒಂದರ ಹಿಂದೆ ಒಂದು ಬರುತ್ತವೆ. ಎರಡು ಬಣ್ಣದ ಪರ್ಸ್ ಕೊಟ್ಟೆ. ಕೆಂಪು ಬಸ್ಸಿಗೆ ಕೆಂಪು ಪರ್ಸ್, ಅದರಲ್ಲಿ ಆಧಾರ್. ಇನ್ನೊಂದು ಬಸ್ಸಿಗೆ ನೀಲಿ ಪರ್ಸ್, ಅದರಲ್ಲಿ ಸರಿಯಾಗಿ ಟಿಕೆಟ್ ದುಡ್ಡು. ಮೊದಲು ಅವಳ ಪಕ್ಕದಲ್ಲಿ ಕೂತೆ, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಸ್ಟಾಪಿನಲ್ಲಿ ಮಾತ್ರ ನಿಂತೆ.

ಅಮ್ಮನಿಗೆ ಇದ್ದ ಹೆದರಿಕೆ ಪಿಂಚಣಿಯದು. ‘ಕೆಲ್ಸಕ್ಕೆ ಹೋದ್ರೆ ಬರೋ ದುಡ್ಡೂ ನಿಂತೋಗುತ್ತಾ ಮೇಡಂ?’ ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅಂಗವಿಕಲರ ಮಾಸಾಶನಕ್ಕೆ ಆದಾಯದ ಮಿತಿ ಇದೆ. ಆದ್ದರಿಂದ ಕೆಲಸಕ್ಕೆ ಸೇರುವ ಮೊದಲೇ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆದಾಯ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಹೋಗಿ ಮಾತಾಡಿಸುತ್ತೇನೆ. ಎರಡೂ ಲೆಕ್ಕ ಮುಂದಿಟ್ಟು ತೀರ್ಮಾನ ಮನೆಯವರಿಗೆ ಬಿಡುತ್ತೇನೆ. ಇವರ ಮನೆಯಲ್ಲಿ ಎಲ್ಲ ಕೇಳಿಸಿಕೊಂಡು ಅಮ್ಮ ‘ಹೋಗ್ಲಿ, ಅವಳಿಗೂ ನಾಲ್ಕು ಜನ ಸಿಗ್ತಾರಲ್ವಾ’ ಅಂದರು. ಬ್ಯಾಂಕ್ ಖಾತೆ ಹುಡುಗಿಯ ಹೆಸರಲ್ಲೇ ಇರಬೇಕು ಅಂತ ನಾನು ಹಟ ಹಿಡಿದೆ. ಮೊದಲ ದುಡ್ಡಿನಲ್ಲಿ ತನಗೆ ಕೊಡೆ, ಅಮ್ಮನಿಗೆ ಬಳೆ ತೆಗೆದುಕೊಂಡಳು.

ಮಳೆ ಹಿಡಿಯುವ ಹೊತ್ತಿಗೆ ಆರಿಸುವ ಕೆಲಸ ಕಮ್ಮಿಯಾಗುತ್ತದೆ. ಆಗ ಮನೆಗೆ ಕಳಿಸಿದರೆ ಕಲಿತದ್ದು, ಅಭ್ಯಾಸವಾದದ್ದು ಎಲ್ಲ ಹೋಗುತ್ತದೆ. ಗೋದಾಮಿನಲ್ಲಿ ಖಾಲಿ ಗೋಣಿಚೀಲಗಳು ಗುಡ್ಡೆ ಬಿದ್ದಿದ್ದವು. ಯಾರಿಗೂ ಅದನ್ನು ಮಡಚಲು ಪುರುಸೊತ್ತಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ ಅದನ್ನೇ ಅವಳ ಕೆಲಸ ಮಾಡಿಸಿದೆ. ನೆಲದ ಮೇಲೆ ಬಣ್ಣದಲ್ಲಿ ಹತ್ತು ಗೆರೆ ಎಳೆದೆವು. ಗೆರೆಗೊಂದು ಚೀಲ. ಹತ್ತೂ ತುಂಬಿದರೆ ಒಂದು ಕಟ್ಟು. ಹರಿದದ್ದು ಬೇರೆ ಕಡೆ, ಹೊಲಿಯುವವರಿಗೆ.

ಈಗ ನಾನು ದಿನಾ ಹೋಗುವುದಿಲ್ಲ. ಆ ಅಕ್ಕನಿಗೂ ಮೇಸ್ತ್ರಿಗೂ ಆಗಾಗ ಫೋನ್ ಮಾಡುತ್ತೇನೆ. ಏನಾದರೂ ಬದಲಾದಾಗ ಮಾತ್ರ ಮತ್ತೆ ಹೋಗಬೇಕು: ಬಸ್ಸಿನ ಟೈಮು ಬದಲಾದರೆ, ಕೂರುವ ಜಾಗ ಬದಲಾದರೆ. ಈ ಸಲ ಹೊಸ ಮೇಸ್ತ್ರಿ ಬಂದಿದ್ದಾರೆ. ಅವರಿಗೆ ಸ್ಟೀಲ್ ಬಟ್ಟಲು ಯಾಕೆ ಅಂತ ಗೊತ್ತಿಲ್ಲ, ತೆಗೆಸಿದ್ದಾರಂತೆ. ಸೋಮವಾರ ಹೋಗುತ್ತಿದ್ದೇನೆ. ಅವರಿಗೆ ನಾನು ವಿವರಿಸುವ ಬದಲು ಆ ಅಕ್ಕನ ಕೈಯಲ್ಲೇ ಹೇಳಿಸುತ್ತೇನೆ.