ಕಾಂಗ್ರಾ ಕಪ್ಪು ಚಹಾ: ಹಾಲು ಬೆರೆಸದೆ ಕುಡಿದು ನೋಡಿದೆ

ಕಾಂಗ್ರಾ ಚಹಾಕ್ಕೆ ಹಾಲು, ಸಕ್ಕರೆ ಹಾಕಿ ಕುದಿಸಿದರೆ ಕೊಟ್ಟ ದುಡ್ಡು ದಂಡ. ಹಿಮಾಚಲದ ಧೌಲಾಧಾರ್ ಬೆಟ್ಟಸಾಲಿನ ಬುಡದಲ್ಲಿ, ಪಾಲಂಪುರದ ಆಸುಪಾಸಿನಲ್ಲಿ ಬೆಳೆಯುವ ಇದು ಚೀನಾ ತಳಿಯ ಸಣ್ಣ ಎಲೆ. ಅಸ್ಸಾಮಿನ ಪುಡಿಯ ಹಾಗೆ ಹಾಲನ್ನು ಎದುರಿಸಿ ನಿಲ್ಲುವ ಕಸುವು ಇದಕ್ಕಿಲ್ಲ. 19ನೇ ಶತಮಾನದ ನಡುವಿನಲ್ಲೇ ಅಲ್ಲಿ ಗಿಡ ನೆಟ್ಟಿದ್ದರೂ, 1905ರ ಭೂಕಂಪದಲ್ಲಿ ತೋಟ, ಕಾರ್ಖಾನೆಗಳು ನೆಲಕಚ್ಚಿ ಬ್ರಿಟಿಷ್ ತೋಟಗಾರರು ಜಾಗ ಖಾಲಿ ಮಾಡಿದರು. ಡಾರ್ಜಿಲಿಂಗಿನ ಹೆಸರು ಬೆಳೆಯಿತು, ಕಾಂಗ್ರಾದ್ದು ಮಸುಕಾಯಿತು. 2005ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದರೂ ಬೆಂಗಳೂರಿನ ಕಿರಾಣಿ ಅಂಗಡಿಯಲ್ಲಿ ಇದನ್ನು ಕೇಳಿದರೆ ಮುಖ ನೋಡುತ್ತಾರೆ.

ಹೋಲಿಸಿ ನೋಡಲು ಪಕ್ಕದಲ್ಲಿ ನೀಲಗಿರಿಯ ಇಡೀ ಎಲೆ ಚಹಾ ಇಟ್ಟುಕೊಂಡೆ. ಎರಡಕ್ಕೂ 3 ಗ್ರಾಂ ಎಲೆ, 150 ಮಿಲಿಲೀಟರ್ ನೀರು. ಚಹಾ ಪರೀಕ್ಷಕರ ಅಂತರರಾಷ್ಟ್ರೀಯ ಪದ್ಧತಿಯೂ ಇದೇ ಪ್ರಮಾಣವನ್ನು ಹೇಳುತ್ತದೆ. ಆದರೆ ಅವರು 6 ನಿಮಿಷ ನೆನೆಸುತ್ತಾರೆ. ಅದು ದೋಷ ಹುಡುಕುವವರ ಲೆಕ್ಕ. ನಾನು 3 ನಿಮಿಷಕ್ಕೇ ಸೋಸಿದೆ. ಬೋರ್‌ವೆಲ್ ನೀರು ಬೇಡ. ಗಡಸು ನೀರಿನಲ್ಲಿ ಚಹಾದ ಮೇಲೆ ತೆಳು ಪೊರೆ ಕಟ್ಟುತ್ತದೆ, ಪರಿಮಳವೂ ಮಂಕಾಗುತ್ತದೆ. ಕಾವೇರಿ ನೀರನ್ನು ಕುದಿಸಿ, ಇಳಿಸಿ, ಕೊತಕೊತ ನಿಂತ ಮೇಲೆ ಎಲೆಗೆ ಸುರಿದೆ.

ಬಸಿದ ಎಲೆಯನ್ನು ಮೊದಲು ಮೂಸಬೇಕು. ಸೋಸುಗದಲ್ಲಿ ಕಾಂಗ್ರಾದ ಎಲೆ ಒಂದೇ ಬಣ್ಣಕ್ಕೆ ತಿರುಗಿರಲಿಲ್ಲ: ಕೆಲವು ಕಂದು, ಕೆಲವು ಇನ್ನೂ ಹಸಿರು, ನಡುವೆ ಉಗುರಿನ ತುದಿಯಷ್ಟು ಕುಡಿ. ವಸಂತದ ಮೊದಲ ಕೊಯ್ಲಿನ ಎಲೆಯನ್ನು ತೇವ ಬಹಳಷ್ಟು ಆರುವವರೆಗೆ ಬಾಡಿಸುವುದರಿಂದ ಅದು ಪೂರ್ತಿ ಕಪ್ಪಾಗುವುದಿಲ್ಲ. ಲೋಟದಲ್ಲಿದ್ದದ್ದು ತಿಳಿಜೇನಿನ ಬಣ್ಣ. ಚಹಾವನ್ನು ಗಾಳಿಯೊಂದಿಗೆ ಸೊರ್ರೆಂದು ಎಳೆದುಕೊಂಡರೆ ಪರಿಮಳ ಮೂಗಿನ ಹಿಂಭಾಗಕ್ಕೆ ಏರುತ್ತದೆ. ಬಾಳೆಎಲೆಯ ಮುಂದೆ ಕೂತು ಸಾರು ಸವಿದವರಿಗೆ ಈ ವಿದ್ಯೆಯನ್ನು ಹೇಳಿಕೊಡಬೇಕಾಗಿಲ್ಲ.

ಬಿಸಿಯಾಗಿದ್ದಾಗ ನೀಲಗಿರಿಯೇ ಗೆದ್ದಿತು. ಅದರ ಘಮ ನೇರವಾಗಿ ಮುಂದೆ ಬರುತ್ತದೆ, ನಾಲಿಗೆ ಚುರುಕಾಗುತ್ತದೆ. ಕಾಂಗ್ರಾ ಆಗ ಸಪ್ಪೆ ಎನ್ನಿಸಿತು. ಉಗುರುಬೆಚ್ಚಗಾದ ಮೇಲೆ ಆಟ ತಿರುಗಿತು: ನೀಲಗಿರಿಯಲ್ಲಿ ಒಗರು ಉಳಿಯಿತು, ಕಾಂಗ್ರಾದಲ್ಲಿ ಹೂವಿನ ವಾಸನೆ, ಸ್ವಲ್ಪ ಹಸಿ ಕಟ್ಟಿಗೆಯ ವಾಸನೆ, ಗಂಟಲಲ್ಲಿ ತಡವಾಗಿ ಬರುವ ಸಿಹಿ. ಅದೇ ಎಲೆಗೆ ಎರಡನೇ ಸಲ ನೀರು ಹಾಕಿ 5 ನಿಮಿಷ ಬಿಟ್ಟೆ. ಬಣ್ಣ ಬಂತು, ರುಚಿ ಅಷ್ಟಕ್ಕಷ್ಟೆ.

ಬೆಳಗಿನ ಕಾಫಿಯ ಜಾಗವನ್ನು ಇದು ಕಸಿಯುವುದಿಲ್ಲ. ಸಂಜೆ ನಾಲ್ಕಕ್ಕೆ, ಜೊತೆಗೆ ಚಕ್ಕುಲಿ ಕೋಡುಬಳೆ ಏನೂ ಇಲ್ಲದಿದ್ದರೆ, ಚೆನ್ನಾಗಿ ಒಗ್ಗುತ್ತದೆ. ಕೊಳ್ಳುವವರು ಪೊಟ್ಟಣದ ಮೇಲೆ ಕೊಯ್ಲಿನ ಕಾಲ ನೋಡಿಕೊಳ್ಳಿ. ತಂದ ಮೇಲೆ ಇಂಗು, ಸಾರಿನ ಪುಡಿ ಇರುವ ಕಪಾಟಿನಲ್ಲಿ ಮಾತ್ರ ಇಡಬೇಡಿ, ಒಣ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.