ಯಹೂದಿ ಗೆಳೆಯರ ಜೊತೆ ಗಾಜಾ ಪರ ಧರಣಿಗೆ ಹೋಗ್ತಿದ್ದೀರಾ? ಇಷ್ಟು ತಿಳಿದುಕೊಂಡು ಹೋಗಿ

ಇದು ಅಮೆರಿಕದಲ್ಲಿರುವ ಕನ್ನಡಿಗರಿಗೆ. ಕಾಲೇಜಲ್ಲೋ ಆಫೀಸಲ್ಲೋ ಯಹೂದಿ ಗೆಳೆಯರೊಬ್ಬರು "ಧರಣಿ ಇದೆ, ಬಾ" ಅಂತ ಕರೆದಿರುತ್ತಾರೆ. ಖಂಡಿತ ಹೋಗಿ. ಗಾಜಾದ ಜನರ ಪರ ನಿಲ್ಲೋಕೆ ಯಾವ ಧರ್ಮದವರಾದರೇನು?

ಮೊದಲು ವೀಸಾ ವಿಚಾರ. ಇಂಥ ಧರಣಿಗಳಲ್ಲಿ ಬಂಧನಕ್ಕೆ ತಯಾರಾಗಿಯೇ ಕೂರುವವರು ಬೇರೆ, ಹೊರಗೆ ನಿಂತು ಘೋಷಣೆ ಕೂಗುವವರು ಬೇರೆ. 2023ರ ಅಕ್ಟೋಬರ್ 27ರಂದು ಪ್ಯಾಲೆಸ್ತೀನ್ ಪರ ಯಹೂದಿ ಸಂಘಟನೆ 'ಜ್ಯೂಯಿಶ್ ವಾಯ್ಸ್ ಫಾರ್ ಪೀಸ್'ನವರು ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕದನ ವಿರಾಮ ಕೇಳಿ ಕೂತಾಗ ಪೊಲೀಸರು 300ಕ್ಕೂ ಹೆಚ್ಚು ಜನರನ್ನು ಹಿಡಿದರು. ಎಚ್-1ಬಿ, ಎಫ್-1 ಮೇಲೆ ಇರುವವರು ಆ ಕೂರುವ ಗುಂಪಿಗೆ ಸೇರಬೇಡಿ. 2025ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ತೀನ್ ಪರ ಹೋರಾಟಗಾರ ಮಹಮೂದ್ ಖಲೀಲ್ ಅವರನ್ನು ಗ್ರೀನ್ ಕಾರ್ಡ್ ಇದ್ದರೂ ಬಂಧಿಸಿದರು. ಕೆಲವೇ ದಿನಗಳಲ್ಲಿ ಇದೇ ಯಹೂದಿ ಸಂಘಟನೆಯವರು ಟ್ರಂಪ್ ಟವರ್ ಒಳಗೇ ಹೋಗಿ ಕೂತು, ಅವರನ್ನು ಬಿಡಿ ಅಂತ ಕೂಗಿ, ತಾವೂ ಬಂಧನಕ್ಕೊಳಗಾದರು. ಪೌರತ್ವ ಇರುವವರು ನಮ್ಮಂಥವರ ಪಾಲಿನ ಅಪಾಯವನ್ನೂ ಹೊರುವುದು ಅಂದರೆ ಇದು.

ಹಾಗಾಗಿ ಹೋಗುವ ಮೊದಲೇ ಸಂಘಟಕರಿಗೆ ನಿಮ್ಮ ಪರಿಸ್ಥಿತಿ ಹೇಳಿ, ಬಂಧನದ ಭಯ ಕಡಿಮೆ ಇರುವ ಕೆಲಸ ಕೇಳಿ ಪಡೆಯಿರಿ. ವಕೀಲರ ಸಹಾಯವಾಣಿ ನಂಬರನ್ನು ಅಳಿಸದ ಮಾರ್ಕರ್‌ನಿಂದ ತೋಳಿನ ಮೇಲೆ ಬರೆದುಕೊಳ್ಳಿ, ಯಾಕಂದರೆ ಫೋನ್ ಕಿತ್ತುಕೊಂಡರೆ ಅದರೊಳಗಿನ ನಂಬರ್ ಯಾವ ಉಪಯೋಗಕ್ಕೂ ಬರಲ್ಲ. ಫೋನಿನ ಮುಖ, ಬೆರಳಚ್ಚು ಲಾಕ್ ತೆಗೆದು ಪಾಸ್‌ಕೋಡ್ ಮಾತ್ರ ಇಡಿ. ಕಣ್ಣು ಕುಕ್ಕುವ ಹಸಿರು ಟೋಪಿ ಹಾಕಿದವರು ಕಂಡರೆ ಅವರು ಪೊಲೀಸರ ನಡವಳಿಕೆ ಬರೆದುಕೊಳ್ಳುವ ಕಾನೂನು ವೀಕ್ಷಕರು. ಪೊಲೀಸರು "ಜಾಗ ಖಾಲಿ ಮಾಡಿ" ಅಂದ ತಕ್ಷಣ ಹೊರಡಿ.

ಇನ್ನು ಮಾತು. "ಯಹೂದಿಗಳು ಹೀಗೆ ಮಾಡ್ತಿದ್ದಾರೆ" ಅಂತ ದಯವಿಟ್ಟು ಅನ್ನಬೇಡಿ. ಇಸ್ರೇಲ್ ಸರ್ಕಾರ ಅನ್ನಿ, ಇಸ್ರೇಲ್ ಸೇನೆ ಅನ್ನಿ. ನಿಮ್ಮ ಪಕ್ಕ ನಿಂತವರ ಕಪ್ಪು ಟೀ ಶರ್ಟ್ ಮೇಲೆ "ನಮ್ಮ ಹೆಸರಲ್ಲಿ ಬೇಡ" ಅಂತ ಬರೆದಿರುತ್ತದೆ, ಅವರನ್ನೇ ಬೈದಂತಾಗುತ್ತದೆ ಅಲ್ವಾ? ಕೊರಳಲ್ಲಿ ಸ್ವಸ್ತಿಕದ ಪದಕ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ನಮಗದು ಶುಭ. ಅಲ್ಲಿ ಹಿಟ್ಲರ್‌ನಿಂದ ತಾತ ಮುತ್ತಾತರನ್ನು ಕಳಕೊಂಡವರು ಇರುತ್ತಾರೆ.

ಯಹೂದಿಗಳೇ ಜಿಯೋನಿಸಂ (ಪ್ಯಾಲೆಸ್ತೀನ್‌ನಲ್ಲಿ ಯಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕು ಅನ್ನೋ ಚಳವಳಿ) ವಿರೋಧಿಸೋದು ಈಚಿನ ಫ್ಯಾಶನ್ ಅಂತ ಯಾರಾದರೂ ಅಂದರೆ ಉತ್ತರ ಇಟ್ಟುಕೊಂಡಿರಿ. 1897ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಸಮ್ಮೇಳನ ನಡೆಯಿತು. ಅದೇ ವರ್ಷ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಯಹೂದಿ ಕಾರ್ಮಿಕರ 'ಬುಂಡ್' ಅನ್ನೋ ಸಂಘಟನೆ ಹುಟ್ಟಿತು, ನಾವು ಬದುಕುವ ನೆಲದಲ್ಲೇ ಹಕ್ಕಿಗಾಗಿ ಹೋರಾಡೋಣ ಅಂದಿತು. ಶಾಲೆಯಲ್ಲಿ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಅಂತ ಓದಿದ್ದೀವಲ್ಲ, ಆ ಎಡ್ವಿನ್ ಮಾಂಟೆಗು 1917ರಲ್ಲಿ ಭಾರತ ಮಂತ್ರಿ ಆಗಿದ್ದಾಗಲೇ, ಬ್ರಿಟಿಷ್ ಸಂಪುಟದ ಏಕೈಕ ಯಹೂದಿಯಾಗಿ, ಪ್ಯಾಲೆಸ್ತೀನ್‌ನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಆಗೋದಕ್ಕೆ ಬ್ರಿಟನ್ ಬೆಂಬಲ ಸಾರಿದ ಬಾಲ್ಫರ್ ಘೋಷಣೆಯನ್ನು ಬಲವಾಗಿ ವಿರೋಧಿಸಿದ್ದರು. ಪ್ಯಾಲೆಸ್ತೀನ್ ಯಹೂದಿಗಳ ರಾಷ್ಟ್ರ ಅಂತಾದರೆ ಬೇರೆ ದೇಶಗಳ ಯಹೂದಿಗಳನ್ನೆಲ್ಲ ಪರದೇಶಿಗಳಂತೆ ಕಾಣುತ್ತಾರೆ ಅನ್ನೋದು ಅವರ ವಾದ. ಹಾಗಂತ ಎಲ್ಲ ಯಹೂದಿಗಳೂ ಹೀಗೇ ಯೋಚಿಸುತ್ತಾರೆ ಅಂತ ತಿಳೀಬೇಡಿ, ಇದಕ್ಕಾಗಿ ಮನೆಯವರ ಜೊತೆಗೇ ಮಾತು ಬಿಟ್ಟವರು ಅಲ್ಲಿ ಸಿಗುತ್ತಾರೆ.

ನಡುವೆ 'ಕದ್ದಿಶ್' ಹೇಳಬಹುದು. ಸತ್ತವರಿಗಾಗಿ ಹೇಳುವ ಅರಾಮಿಕ್ ಪ್ರಾರ್ಥನೆ ಅದು. ಗಾಜಾದಲ್ಲಿ ಸತ್ತವರ ಹೆಸರು ಓದಿ, ತಮ್ಮ ಮನೆಯವರೇ ಸತ್ತಂತೆ ಹೇಳುತ್ತಾರೆ. ಆಗ ಎದ್ದು ನಿಲ್ಲಿ. ವಿಡಿಯೋ ಬೇಡ. "ಆಮೆನ್" ಅಂತ ಎಲ್ಲರೂ ದನಿಗೂಡಿಸುವ ಕಡೆ ನೀವೂ ಹೇಳಬಹುದು, ಹೇಳದಿದ್ದರೂ ಯಾರೂ ಏನೂ ಅಂದುಕೊಳ್ಳಲ್ಲ. ಘೋಷಣೆ ಯಾವುದು ಅನ್ನೋದನ್ನು ಪ್ಯಾಲೆಸ್ತೀನಿಯರಿಗೂ ಸಂಘಟಕರಿಗೂ ಬಿಡಿ, ನಿಮ್ಮದೇ ಹೊಸದು ಶುರು ಮಾಡಬೇಡಿ.

ಬಂಧನವಾದ ಮೇಲೂ ಕೆಲಸ ಇದೆ. ಠಾಣೆ ಹೊರಗೆ ರಾತ್ರಿಯಿಡೀ ಕಾಯೋಕೆ ಜನ ಬೇಕು, ವೀಸಾದವರು ಇದನ್ನು ಮಾಡಬಹುದಾ ಅಂತ ವಕೀಲರನ್ನು ಕೇಳಿಕೊಂಡು ಹೋಗಿ. ನೀರು, ಬಾಳೆಹಣ್ಣು, ಚಾರ್ಜರ್ ತಗೊಂಡು ಹೋಗಿ. ಚಿತ್ರಾನ್ನ ಮಾಡಿಕೊಂಡು ಹೋಗೋ ಮನಸ್ಸಾಗುತ್ತದೆ, ಆದರೆ ಕೋಶರ್ ಅನ್ನೋ ಯಹೂದಿ ಆಹಾರ ನಿಯಮ ಪಾಲಿಸುವವರು ಅದನ್ನು ತಿನ್ನಲಾರರು, ಹಾಗಾಗಿ ಇಡೀ ಹಣ್ಣು ಅಥವಾ ಕೋಶರ್ ಗುರುತಿರುವ ಪ್ಯಾಕೆಟ್ ತಿಂಡಿ ಒಯ್ಯಿರಿ.