ಬೀದಿನಾಯಿ ಹಿಡಿಯುವ ತಂಡ: ಕಾನೂನು ಕೇಳುವ ತರಬೇತಿಯನ್ನು ಪುರಸಭೆ ಕೊಡುವುದು ಹೇಗೆ?

ಬೀದಿನಾಯಿಗಳ ಸಂತಾನಹರಣಕ್ಕೆ ಟೆಂಡರ್ ಕರೆಯುವಾಗ ಒಂದು ನಾಯಿಗೆ ಎಷ್ಟು ದರ ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ನಾಯಿ ಹಿಡಿಯಲು ಬರುವವರಿಗೆ ಏನೇನು ಗೊತ್ತಿರಬೇಕು ಎಂಬ ಮಾತು ಎಷ್ಟೋ ಸಲ ಕಡತಕ್ಕೇ ಬರುವುದಿಲ್ಲ. ಆದರೆ 2023ರ ಮಾರ್ಚ್ 10ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರಾಣಿ ಜನನ ನಿಯಂತ್ರಣ ನಿಯಮಗಳು (ಎಬಿಸಿ ನಿಯಮಗಳು) ನಾಯಿ ಹಿಡಿಯುವವರು ತರಬೇತಿ ಪಡೆದವರೇ ಆಗಿರಬೇಕು ಎನ್ನುತ್ತವೆ. ಹಾಗೆಂದು ಇಷ್ಟು ದಿನದ ಕೋರ್ಸ್, ಇಂಥ ಪರೀಕ್ಷೆ ಎಂದು ಅವು ಪಟ್ಟಿ ಕೊಡುವುದಿಲ್ಲ. ಆ ಜಾಗವನ್ನು ತುಂಬಬೇಕಾದವರು ಪೌರಾಯುಕ್ತರು, ಮುಖ್ಯಾಧಿಕಾರಿ ಮತ್ತು ಪಶುವೈದ್ಯರು. ನಾಳೆ ದೂರು ಬಂದರೆ ಉತ್ತರ ಕೊಡಬೇಕಾದವರೂ ಅವರೇ.

1. ಬಲೆಗಿಂತ ಮೊದಲು ಮಾನ್ಯತೆ ಪತ್ರ

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆ ಇಲ್ಲದೆ ಯಾವ ಊರಿನಲ್ಲೂ ಎಬಿಸಿ ಕಾರ್ಯಕ್ರಮ ನಡೆಸುವಂತಿಲ್ಲ. ಸ್ಥಳೀಯ ಸಂಸ್ಥೆ ತನ್ನದೇ ಪಶುವೈದ್ಯರಿಂದ ನಡೆಸಬಹುದು, ಇಲ್ಲವೇ ಮಂಡಳಿಯ ಮಾನ್ಯತೆ ಪಡೆದ ಪ್ರಾಣಿ ಕಲ್ಯಾಣ ಸಂಸ್ಥೆಗೆ ವಹಿಸಬಹುದು. ಸಂಘ ಸಂಸ್ಥೆಗಳ ನೋಂದಣಿ ಪತ್ರವನ್ನು ಮುಂದಿಟ್ಟು 'ನಾವು ನೋಂದಾಯಿತರು' ಎನ್ನುವವರಿದ್ದಾರೆ. ಅದು ಮಂಡಳಿಯ ಮಾನ್ಯತೆ ಅಲ್ಲ. ಎರಡನ್ನೂ ಪ್ರತ್ಯೇಕವಾಗಿ ಕೇಳಿ. ಯೋಜನೆಯ ಹೊಣೆ ಹೊರುವ ಪಶುವೈದ್ಯರಿಗೆ ಕನಿಷ್ಠ 2,000 ಎಬಿಸಿ ಶಸ್ತ್ರಚಿಕಿತ್ಸೆಗಳ ಅನುಭವ ಇರಬೇಕೆಂಬ ಷರತ್ತೂ ಇದೆ. ಸಣ್ಣ ಊರುಗಳು ಎಡವುವುದು ಹೆಚ್ಚಾಗಿ ಇಲ್ಲೇ. ಅಂಥ ವೈದ್ಯರು ಸಿಗದಿದ್ದರೆ ಅಕ್ಕಪಕ್ಕದ ಎರಡು ಮೂರು ಪುರಸಭೆಗಳು ಸೇರಿ ಒಂದೇ ಕೇಂದ್ರ ನಡೆಸುವ ಯೋಚನೆ ಮಾಡುವುದು ವಾಸಿ.

2. ತಂಡದಲ್ಲಿ ಯಾರು ಯಾರು?

ವಾಹನದ ಚಾಲಕ, ಹಿಡಿಯುವುದರಲ್ಲಿ ತರಬೇತಿ ಪಡೆದ ಕನಿಷ್ಠ ಇಬ್ಬರು, ಜೊತೆಗೆ ಪ್ರಾಣಿ ಕಲ್ಯಾಣ ಸಂಸ್ಥೆಯ ಒಬ್ಬ ಪ್ರತಿನಿಧಿ. ಎಲ್ಲರ ಬಳಿಯೂ ಸ್ಥಳೀಯ ಸಂಸ್ಥೆ ಕೊಟ್ಟ ಗುರುತಿನ ಚೀಟಿ ಇರಬೇಕು. ಗುತ್ತಿಗೆ ಏಜೆನ್ಸಿಯ ಚೀಟಿ ಸಾಲದು.

ತರಬೇತಿ ಆಗುವುದು ಮನುಷ್ಯನಿಗೆ, ಏಜೆನ್ಸಿಗೆ ಅಲ್ಲ. ಜನವರಿಯಲ್ಲಿ ತರಬೇತಿ ಪಡೆದ ಇಬ್ಬರು ಮಾರ್ಚಿಗೆ ಕೆಲಸ ಬಿಟ್ಟು ಹೋಗಿ, ಆ ಜಾಗಕ್ಕೆ ಹೊಸಬರು ಬಂದರೆ ತಂಡ ಮತ್ತೆ ತರಬೇತಿ ಇಲ್ಲದ್ದೇ. ಆದ್ದರಿಂದ ಗುರುತಿನ ಚೀಟಿಯ ಹಿಂಬದಿಯಲ್ಲಿ ತರಬೇತಿ ಮುಗಿದ ದಿನಾಂಕ, ಲಸಿಕೆಯ ದಿನಾಂಕಗಳನ್ನು ಬರೆಸಿ. ಬೀದಿಯಲ್ಲಿ ಯಾರಾದರೂ ಪ್ರಶ್ನಿಸಿದರೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

3. ಲಸಿಕೆ ಆಗದೆ ನಾಯಿ ಮುಟ್ಟಬಾರದು

ನಾಯಿ ಹಿಡಿಯುವವರಿಗೆ ರೇಬಿಸ್ ಲಸಿಕೆಯನ್ನು ಕಚ್ಚಿಸಿಕೊಳ್ಳುವ ಮೊದಲೇ ಕೊಡಿಸಬೇಕು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಮೂರು ಡೋಸ್: ಮೊದಲ ದಿನ (ಅದನ್ನು 0 ಎಂದು ಎಣಿಸುತ್ತಾರೆ), 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಅಂದರೆ ಕೆಲಸಕ್ಕೆ ತೆಗೆದುಕೊಂಡ ದಿನಕ್ಕೂ ಬಲೆ ಕೈಗೆ ಕೊಡುವ ದಿನಕ್ಕೂ ನಡುವೆ ಮೂರು ನಾಲ್ಕು ವಾರ ಬೇಕು. ಕೆಲಸದ ಆದೇಶ ಕೊಟ್ಟ ಮರುದಿನವೇ ವಾಹನ ಬೀದಿಗಿಳಿಯಬೇಕು ಎಂಬ ಒತ್ತಡದಲ್ಲಿ ಬಿಟ್ಟುಹೋಗುವುದು ಇದೇ. ತರಗತಿಯ ಪಾಠಗಳನ್ನು ಈ ಮೂರು ವಾರಗಳಲ್ಲೇ ಮುಗಿಸಿಕೊಳ್ಳಬಹುದು.

ಮೊದಲೇ ಲಸಿಕೆ ಪಡೆದವರಿಗೂ ಕಚ್ಚಿದಾಗ ಚಿಕಿತ್ಸೆ ಬೇಕೇ ಬೇಕು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು, ಅದೇ ದಿನ ಒಂದು, 3ನೇ ದಿನ ಇನ್ನೊಂದು ಡೋಸ್ ಹಾಕಿಸಿಕೊಳ್ಳಬೇಕು. ಇಮ್ಯುನೊಗ್ಲಾಬ್ಯುಲಿನ್ (ಗಾಯಕ್ಕೆ ಚುಚ್ಚುವ ಸಿದ್ಧ ಪ್ರತಿಕಾಯದ ಮದ್ದು) ಮಾತ್ರ ಬೇಕಾಗುವುದಿಲ್ಲ. ವೈದ್ಯರು ಇದನ್ನು ತೀರ್ಮಾನಿಸಲು ಹಿಂದಿನ ಡೋಸ್‌ಗಳ ಲಿಖಿತ ದಾಖಲೆ ಕೇಳುತ್ತಾರೆ. 'ಹಾಕಿಸಿಕೊಂಡಿದ್ದೆ ಸಾರ್' ಎಂಬ ಮಾತು ನಡೆಯುವುದಿಲ್ಲ. ವಾಹನದಲ್ಲಿ 20 ಲೀಟರ್ ನೀರಿನ ಕ್ಯಾನ್, ಸೋಪು ಯಾವಾಗಲೂ ಇರಲಿ.

4. ತರಬೇತಿಯಲ್ಲಿ ಏನಿರಬೇಕು?

ಕಾನೂನಿನ ಭಾಗಕ್ಕೆ ಅರ್ಧ ದಿನ ಸಾಕು. ಯಾವ ನಾಯಿಯನ್ನು ಹಿಡಿಯಬಾರದು ಎಂಬುದರಿಂದಲೇ ಪಾಠ ಶುರುವಾಗಲಿ: ಆರು ತಿಂಗಳೊಳಗಿನ ಮರಿ, ಹಾಲೂಡಿಸುತ್ತಿರುವ ತಾಯಿ, ಈಗಾಗಲೇ ಸಂತಾನಹರಣ ಆಗಿದೆ ಎಂದು ಕಿವಿ ಕತ್ತರಿಸಿ ಗುರುತು ಮಾಡಿದ ನಾಯಿ. ಮೊಲೆಗಳು ಜೋತುಬಿದ್ದ ಹೆಣ್ಣುನಾಯಿ ಒಂಟಿಯಾಗಿ ಕಂಡರೂ ಮೋರಿಯೊಳಗೋ ನಿಂತ ಲಾರಿಯ ಕೆಳಗೋ ಮರಿಗಳಿರುತ್ತವೆ. ತಾಯಿಯನ್ನು ಒಯ್ದರೆ ಅವು ಹಸಿವಿನಿಂದ ಸಾಯುತ್ತವೆ. ಇದನ್ನು ಗುರುತಿಸಲು ಚಿತ್ರ ತೋರಿಸಿದರೆ ಸಾಲದು, ಬೀದಿಯಲ್ಲಿ ನಡೆಸಿ ತೋರಿಸಬೇಕು. ಹಿಂಸೆ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ದಂಡ ಚಿಲ್ಲರೆ ಕಾಸು. ಆದರೆ ನಾಯಿ ಸತ್ತರೆ ಅಥವಾ ಊನವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತದೆ, ಅದರಡಿ ಐದು ವರ್ಷದವರೆಗೆ ಜೈಲು.

ಎರಡನೆಯದು ಬಲೆ. ಕೈಯಿಂದ ಅಥವಾ ಬಲೆಯಿಂದ, ನಾಯಿಗೆ ಆದಷ್ಟು ಕಡಿಮೆ ಗಾಬರಿಯಾಗುವಂತೆ ಹಿಡಿಯಬೇಕು. ಇಕ್ಕಳ ಮತ್ತು ತಂತಿ ಕುಣಿಕೆ ನಿಷಿದ್ಧ. ತಂತಿ ಬಿಗಿದಾಗ ನಾಯಿ ಅದನ್ನು ಕಚ್ಚುತ್ತದೆ, ಹಲ್ಲು ಮುರಿಯುತ್ತದೆ, ನಾಲಿಗೆ ಸೀಳುತ್ತದೆ, ಕುತ್ತಿಗೆಯ ಒಳಗಾಯ ಹೊರಗೆ ಕಾಣುವುದೇ ಇಲ್ಲ. ಅಂಥ ನಾಯಿ ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವ ಹೊತ್ತಿಗೆ ಅರಿವಳಿಕೆ ತಡೆದುಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಇನ್ನೊಂದು ನಷ್ಟವೂ ಇದೆ. ಒಂದು ನಾಯಿ ಒದ್ದಾಡಿ ಅರಚಿದರೆ ಇಡೀ ಓಣಿಯ ನಾಯಿಗಳು ಚದುರುತ್ತವೆ, ಮುಂದಿನ ಸಲ ವಾಹನದ ಸದ್ದು ಕೇಳಿದರೇ ಓಡುತ್ತವೆ.

ಉದ್ದ ಕೋಲಿಗೆ ಬಳೆಯಂತೆ ಬಾಯಿ ಕಟ್ಟಿದ ಆಳವಾದ ಬಲೆಯಿಂದ ಅಭ್ಯಾಸ ಮಾಡಿಸಿ. ನಾಯಿ ಓಡುವ ದಾರಿಯಲ್ಲಿ ಒಬ್ಬ ಕದಲದೆ ನಿಲ್ಲಬೇಕು, ಇನ್ನೊಬ್ಬ ದೂರದಿಂದ ನಿಧಾನವಾಗಿ ಆ ಕಡೆಗೆ ನಡೆಸಬೇಕು. ಬೆನ್ನಟ್ಟಿ ಓಡಿದರೆ ನಾಯಿ ಮುಖ್ಯರಸ್ತೆಗೆ ನುಗ್ಗುತ್ತದೆ, ಬೈಕ್ ಸವಾರ ಬೀಳುತ್ತಾನೆ. ಬಲೆಯ ಬಾಯಿ ನೆಲಕ್ಕೆ ಅಂಟಿದ ಕೂಡಲೇ ಅದನ್ನು ಒತ್ತಿ ಹಿಡಿದು, ಬಲೆಯನ್ನು ತಿರುಚಿ ದಾರಿ ಮುಚ್ಚಬೇಕು. ಹೊಸಬರು ತಪ್ಪುವುದು ಇಲ್ಲಿಯೇ: ನಾಯಿ ಒಳಗೆ ಬಿದ್ದ ಖುಷಿಯಲ್ಲಿ ಬಳೆಯನ್ನು ಮೇಲೆತ್ತುತ್ತಾರೆ, ನಾಯಿ ಅಡಿಯಿಂದ ನುಸುಳಿ ಕೈಗೆ ಬಾಯಿ ಹಾಕುತ್ತದೆ. ಮೇಲೆ ಗೋಣಿಚೀಲವೋ ದಪ್ಪ ಬಟ್ಟೆಯೋ ಹೊದಿಸಿ ಕತ್ತಲು ಮಾಡಿದರೆ ಹೆಚ್ಚಿನ ನಾಯಿಗಳು ಸುಮ್ಮನಾಗುತ್ತವೆ.

ನಾಯಿಯ ಮೈಭಾಷೆ ಕಲಿಸದೆ ಬಲೆ ಕಲಿಸಬೇಡಿ. ಬಾಲ ಆಡಿಸುತ್ತಿದೆ ಎಂದ ಮಾತ್ರಕ್ಕೆ ಸ್ನೇಹ ಅಲ್ಲ. ಬಾಲ ನೆಟ್ಟಗೆ ನಿಂತು ಬಿಗಿಯಾಗಿ ಆಡುತ್ತಿದ್ದು, ಮೈ ಸೆಟೆದಿದ್ದರೆ ಅದು ಎಚ್ಚರಿಕೆ. ಬಾಲ ಮುದುಡಿ, ಕಿವಿ ಹಿಂದಕ್ಕೆ ಮಡಚಿ, ಮೂಲೆಗೆ ಸೇರಿದ ನಾಯಿ ಹೆದರಿಕೆಯಿಂದ ಕಚ್ಚುತ್ತದೆ, ಮತ್ತು ಗುರುಗುಟ್ಟದೆಯೇ ಕಚ್ಚಬಹುದು.

ಒಟ್ಟು ಎಷ್ಟು ದಿನ? ನಮ್ಮ ಅಭಿಪ್ರಾಯದಲ್ಲಿ ಎರಡು ದಿನ ಪಾಠ, ಆಮೇಲೆ ಅನುಭವಿ ತಂಡದ ಜೊತೆ ಕನಿಷ್ಠ ಒಂದು ವಾರದ ಬೀದಿ ಕೆಲಸ. ಕರ್ನಾಟಕದವರಿಗೆ ಹತ್ತಿರದಲ್ಲಿ ಊಟಿಯ ಡಬ್ಲ್ಯುವಿಎಸ್ (ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆ) ತರಬೇತಿ ಕೇಂದ್ರವಿದೆ. ಪಶುವೈದ್ಯರಿಗೆ ಎಬಿಸಿ ಶಸ್ತ್ರಚಿಕಿತ್ಸೆ ಕಲಿಸುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಗೋವಾದಲ್ಲೂ ಆ ಸಂಸ್ಥೆಯ ಕೇಂದ್ರವಿದೆ.

5. ಹಿಡಿಯುವ ದಿನ

ಆ ಬಡಾವಣೆಯಲ್ಲಿ ಮೊದಲೇ ಬ್ಯಾನರ್ ಹಾಕಿ ಅಥವಾ ಧ್ವನಿವರ್ಧಕದಲ್ಲಿ ಸಾರಿ, ನಾಯಿಗಳನ್ನು ಯಾಕೆ ಒಯ್ಯುತ್ತಿದ್ದೇವೆ, ಮತ್ತೆ ಇಲ್ಲಿಗೇ ತಂದು ಬಿಡುತ್ತೇವೆ ಎಂದು ತಿಳಿಸಬೇಕು. ಅರ್ಧ ಜಗಳ ಇದರಿಂದಲೇ ತಪ್ಪುತ್ತದೆ. ಬೆಳಗಿನ ಜಾವ, ಸಂಚಾರ ಶುರುವಾಗುವ ಮೊದಲು ಹೊರಡಿ. ಕೇಂದ್ರದಲ್ಲಿ ಎಷ್ಟು ಗೂಡು ಖಾಲಿ ಇದೆಯೋ ಅಷ್ಟೇ ನಾಯಿ. ಒಂದು ಬಡಾವಣೆಯ ನಾಯಿಗಳನ್ನು ಇನ್ನೊಂದರವುಗಳ ಜೊತೆ ಬೆರೆಸುವಂತಿಲ್ಲ.

ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ವಾಹನ ನಿಂತಲ್ಲೇ ಕಾದು ಒಲೆಯಾಗುತ್ತದೆ. ನಾಯಿ ಬೆವರಿ ಮೈ ತಣಿಸಿಕೊಳ್ಳಲಾರದು, ಏದುಸಿರೇ ಅದಕ್ಕಿರುವ ದಾರಿ. ಬಾಯಿ ಅಗಲವಾಗಿ ತೆರೆದು, ದಪ್ಪ ಜೊಲ್ಲು ಸುರಿಸುತ್ತ, ಕಾಲು ತಡವರಿಸಿದರೆ ಅದು ಬಿಸಿಲ ಆಘಾತ. ಹೊಟ್ಟೆಯಡಿ, ತೊಡೆಸಂದು, ಪಾದಗಳಿಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು, ವೈದ್ಯರಿಗೆ ಆಗಲೇ ಫೋನ್ ಮಾಡಬೇಕು.

6. ಹಾಳೆ ತುಂಬುವುದೂ ತರಬೇತಿಯೇ

ಹಿಡಿದ ಜಾಗದಲ್ಲೇ ನಂಬರಿನ ಕಾಲರ್ ಹಾಕಿ, ಅದೇ ನಂಬರ್ ಹಾಳೆಯಲ್ಲಿ ಬರೆಯಬೇಕು: ಸಮಯ, ಗಂಡೋ ಹೆಣ್ಣೋ, ಬಣ್ಣ, ಮೈಮೇಲಿನ ಗುರುತು, ಮೊಬೈಲ್ ನಕ್ಷೆಯ ಸ್ಥಳ, ಕಾಲರ್ ಕಾಣುವಂತೆ ಒಂದು ಫೋಟೊ. 'ಆಂಜನೇಯ ಗುಡಿ ಹತ್ತಿರ' ಎಂದು ಬರೆದರೆ ಆಗಲಿಲ್ಲ. ಒಂದೇ ವಾರ್ಡಿನಲ್ಲಿ ಎರಡು ಗುಡಿ ಇರಬಹುದು. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಆರೈಕೆಯಲ್ಲಿಟ್ಟು, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಬೇರೆ ಓಣಿಯಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಮೇಲೆ ಬೀಳುತ್ತವೆ, ಗಾಬರಿಗೊಂಡ ನಾಯಿ ದಾರಿಹೋಕರನ್ನು ಕಚ್ಚುತ್ತದೆ, ದೂರು ಮತ್ತೆ ನಿಮ್ಮ ಕಚೇರಿಗೇ ಬರುತ್ತದೆ.

ಈಗ ಒಂದು ರಿಜಿಸ್ಟರ್ ಸಾಲದು, ಎರಡು ಬೇಕು. ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರ ಆದೇಶದಲ್ಲಿ ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದು, ಸಂತಾನಹರಣ ಮತ್ತು ಲಸಿಕೆಯ ನಂತರ ಆಶ್ರಯತಾಣದಲ್ಲಿ ಇಡಬೇಕು ಎಂದಿದೆ. ಆಸ್ಪತ್ರೆ ಗೇಟಿನ ಒಳಗೆ ಸಿಕ್ಕಿತೋ, ಹೊರಗಿನ ಬೀದಿಯಲ್ಲೋ ಎಂಬ ಒಂದು ಸಾಲಿನ ಮೇಲೆ ಆ ನಾಯಿಯ ಮುಂದಿನ ಬದುಕು ನಿಂತಿದೆ. ಆ ಎರಡು ಬಗೆಯ ನಾಯಿಗಳಿಗೆ ಬೇರೆ ಬೇರೆ ಬಣ್ಣದ ಕಾಲರ್ ಕೊಟ್ಟರೆ ಗೊಂದಲ ಕಡಿಮೆ.

7. ಹುಚ್ಚು ಹಿಡಿದ ಅನುಮಾನವಿದ್ದರೆ

ಕಾರಣವಿಲ್ಲದೆ ಸಿಕ್ಕಿದ್ದನ್ನೆಲ್ಲ ಕಚ್ಚುವುದು, ದವಡೆ ಜೋತುಬಿದ್ದು ಜೊಲ್ಲು, ನಡಿಗೆ ತಪ್ಪುವುದು, ಬೊಗಳುವ ದನಿ ಬದಲಾಗುವುದು: ಇವು ಕಂಡರೆ ಹೊಸಬರನ್ನು ಹಿಂದೆ ನಿಲ್ಲಿಸಿ, ಅನುಭವಿಗಳೇ ಹಿಡಿಯಲಿ. ಬೇರೆ ನಾಯಿಗಳಿರುವ ವಾಹನಕ್ಕೆ ಅದನ್ನು ಹಾಕಬಾರದು. ಹೊಡೆದು ಕೊಲ್ಲುವುದು ಅಪರಾಧ. ಅದನ್ನು ಪ್ರತ್ಯೇಕವಾಗಿಟ್ಟು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ರೋಗ ಇದ್ದರೆ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. ತಲೆಗೆ ಹೊಡೆದರೆ ಮಿದುಳು ಜಜ್ಜಿಹೋಗಿ ರೇಬಿಸ್ ಪರೀಕ್ಷೆ ಕಷ್ಟವಾಗುತ್ತದೆ ಎಂಬುದನ್ನೂ ತಂಡಕ್ಕೆ ತಿಳಿಸಿ. ಮಾದರಿ ಕಳಿಸಲು ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪ್ರಯೋಗಾಲಯವಿದೆ. ಅಂಥ ನಾಯಿ ಕಚ್ಚಿದ ಜನರ ಹೆಸರನ್ನು ಅದೇ ದಿನ ತಾಲ್ಲೂಕು ಆರೋಗ್ಯಾಧಿಕಾರಿಗೆ ಮುಟ್ಟಿಸಬೇಕು, ಪರೀಕ್ಷೆಯ ಫಲಿತಾಂಶಕ್ಕೆ ಕಾಯಬಾರದು.

8. ಕಡತ

ಎಬಿಸಿ ಉಸ್ತುವಾರಿಗೆ ಸ್ಥಳೀಯ ಸಮಿತಿ ಇರಲೇಬೇಕು. ಅದರ ಪ್ರತಿ ಸಭೆಗೂ ತರಬೇತಿ ರಿಜಿಸ್ಟರ್ ಬರಲಿ: ಹೆಸರು, ಸೇರಿದ ದಿನ, ಮೂರು ಲಸಿಕೆ ದಿನಾಂಕ, ಪಾಠ ಕೊಟ್ಟವರ ಸಹಿ, ಬೀದಿ ಅಭ್ಯಾಸ ನೋಡಿದ ಪಶುವೈದ್ಯರ ಸಹಿ, ಕೆಲಸ ಬಿಟ್ಟ ದಿನ. ಕಚ್ಚಿಸಿಕೊಂಡ ಪ್ರತಿ ಘಟನೆಗೂ ಅದರಲ್ಲೇ ಒಂದು ಕಾಲಂ ಇಡಿ. ಒಬ್ಬನೇ ವ್ಯಕ್ತಿಗೆ ಮತ್ತೆ ಮತ್ತೆ ಕಚ್ಚಿದ್ದರೆ ಅವನನ್ನು ಬಯ್ಯುವ ಬದಲು ಬಲೆ ಬಳಸುವ ರೀತಿ ನೋಡಿ, ಮತ್ತೆ ಕಲಿಸಿ. ಮುಂದಿನ ಟೆಂಡರಿನಲ್ಲಿ ಈ ರಿಜಿಸ್ಟರಿನ ನಕಲು ಕೊಡದ ಸಂಸ್ಥೆಯ ದರಪಟ್ಟಿಯನ್ನು ತೆರೆಯುವುದೇ ಬೇಡ ಎಂಬ ಷರತ್ತು ಸೇರಿಸಿ.